ನೋಡುವುದು, ನೋಡಿಕೊಳ್ಳುವುದು

2012ರ ನವೆಂಬರ್ ತಿಂಗಳಿನ ಒಂದು ಬೆಳಗಿನ ಜಾವ ನಮ್ಮ ತಾತ ಕೊಟ್ಟಿಗೆಯಿಂದ ಹೊರಗೆ ಬಂದು ಜಗಲಿಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಬಾಯಿ ಒಂದು ಕಡೆಗೆ ಎಳೆದಿತ್ತು. ಕರೆದರೆ ಕಣ್ಣು ತಿರುಗಿಸುತ್ತಿದ್ದರೇ ಹೊರತು ಮಾತು ಬರುತ್ತಿರಲಿಲ್ಲ. ಲಕ್ವ ಹೊಡೆದಿದೆ, ನಾಟಿ ಔಷಧಿ ಕೊಡುವವರ ಬಳಿಗೆ ಕರೆದೊಯ್ಯೋಣ ಎಂದು ಕೆಲವರು, ಮಂಡ್ಯಕ್ಕೆ ಎಂದು ಕೆಲವರು, ಮೈಸೂರಿಗೇ ಎಂದು ಉಳಿದವರು ಹೇಳುತ್ತಾ ಹೋಗಿ, ಪಾಂಡವಪುರ ತಾಲ್ಲೂಕಿನ ನಮ್ಮ ಊರಿನಿಂದ ವಾಹನ ಹೊರಡುವಷ್ಟರಲ್ಲಿ ಬಿಸಿಲು ಏರಿತ್ತು. ಆ ಹೊತ್ತಿನ ಬೆಲೆ ಆಗ ನಮಗೆ ತಿಳಿದಿರಲಿಲ್ಲ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಬರುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧಿ ಕೊಡಬೇಕಾದರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂಬುದನ್ನು ನಾನು ಓದಿದ್ದು ಎರಡು ವರ್ಷಗಳ ನಂತರ. ಓದಿದ ದಿನ ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯನ್ನು ನಮ್ಮ ಕಡೆಯವರು ದೊಡ್ಡಾಸ್ಪತ್ರೆ ಎಂದೇ ಕರೆಯುತ್ತಾರೆ. ತಾತ ಅಲ್ಲಿ ಹದಿನೆಂಟು ದಿನ ಇದ್ದರು. ಅಪ್ಪನಿಗೆ ಕಬ್ಬಿನ ಕಟಾವು, ಅವ್ವನಿಗೆ ಮನೆ ಮತ್ತು ದನ. ದ್ವಿತೀಯ ಪಿಯುಸಿ ಓದುತ್ತಿದ್ದ ನಾನೇ ಪುಸ್ತಕಗಳ ಚೀಲದೊಂದಿಗೆ ತಾತನ ಬಳಿ ಉಳಿದೆ. ಮೊದಲ ದಿನ ಸಂಜೆ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಬಂದು, "ಇವ್ರನ್ನ ನೋಡ್ಕೊಳ್ಳೋರು ಯಾರು?" ಎಂದು ಕೇಳಿದರು. ನಾನು ಎದ್ದು ನಿಂತೆ. ಅವರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ನೋಡ್ಕೋತೀನಿ ಅಂದ್ರೆ ಮೊದ್ಲು ನೋಡ್ಬೇಕು ಕಣಪ್ಪ. ಹೊದಿಕೆ ಸರಿಸು" ಎಂದರು.

ನಾನು ಹೊದಿಕೆ ಸರಿಸಿದೆ. ಅವರು ತಾತನನ್ನು ಎಡಮಗ್ಗುಲಿಗೆ ಹೊರಳಿಸಿ ಬೆನ್ನಿನ ಕೆಳಗಿನ ಮೂಳೆ, ಸೊಂಟದ ಬದಿ, ಹಿಮ್ಮಡಿ, ಭುಜದ ಮೂಳೆ, ಕಿವಿಯ ಹಿಂಭಾಗ ಹೀಗೆ ಒಂದೊಂದನ್ನೇ ತೋರಿಸಿದರು. ಮೂಳೆಯು ಚರ್ಮಕ್ಕೆ ಹತ್ತಿರವಾಗಿರುವ ಈ ಜಾಗಗಳಲ್ಲಿ ಮೈಭಾರ ಬಿದ್ದು ರಕ್ತ ಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಹುಣ್ಣಿನ ಮೊದಲ ಗುರುತು ಕಾಣಿಸಿಕೊಳ್ಳುತ್ತದೆ, ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಅದು, ಆದರೆ ತಾತನಂತಹ ಬಿಸಿಲಿಗೆ ಮಾಗಿದ ಕಪ್ಪು ಮೈಯಲ್ಲಿ ಕೆಂಪು ಕಾಣುವುದಿಲ್ಲವಾದ್ದರಿಂದ ಕೈಯಿಟ್ಟು ಬಿಸಿಯನ್ನೂ ಗಡಸುತನವನ್ನೂ ತಿಳಿಯಬೇಕು ಎಂದು ಅವರು ವಿವರಿಸಿದರು. ನನ್ನ ಅಂಗೈಯನ್ನು ಹಿಡಿದು ತಾತನ ಹಿಮ್ಮಡಿಯ ಮೇಲೆ ಇಟ್ಟರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಎಳೆಯಬಾರದು, ಎತ್ತಿ ಇಡಬೇಕು. ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವಾಗ ತಲೆಯ ಕಡೆ ಎತ್ತರವಿರಬೇಕು, ಹಾಕಿದ ಮೇಲೂ ಅರ್ಧ ಗಂಟೆ ಹಾಗೆಯೇ ಇರಬೇಕು. ಇಷ್ಟನ್ನು ಹೇಳಿಕೊಟ್ಟು ಅವರು ಮುಂದಿನ ಹಾಸಿಗೆಗೆ ಹೋದರು. ರಾತ್ರಿ ಹನ್ನೆರಡಕ್ಕೆ ನಾನು ತೂಕಡಿಸುತ್ತಿದ್ದಾಗ ಬಂದು ಭುಜ ತಟ್ಟಿ, ಏನೂ ಹೇಳದೆ ಗೋಡೆಯ ಗಡಿಯಾರವನ್ನು ತೋರಿಸಿದರು.

ತಾತನನ್ನು ಮನೆಗೆ ಕರೆತಂದ ಮೇಲೆ ಅವರು ಹನ್ನೊಂದು ತಿಂಗಳು ಬದುಕಿದ್ದರು. ಎದ್ದು ನಡೆಯಲಿಲ್ಲ, ಮಾತು ಪೂರ್ತಿಯಾಗಿ ಮರಳಲಿಲ್ಲ. ಆದರೆ ಅಷ್ಟೂ ದಿನ ಅವರ ಮೈಮೇಲೆ ಒಂದೇ ಒಂದು ಹುಣ್ಣು ಆಗಲಿಲ್ಲ. ಪರೀಕ್ಷೆಗೆ ಓದುವಾಗಲೂ ನನ್ನ ಮೊಬೈಲಿನಲ್ಲಿ ಎರಡು ಗಂಟೆಗೊಮ್ಮೆ ಅಲಾರಂ ಬಾರಿಸುತ್ತಿತ್ತು. ಅದನ್ನು ನಾನು ತ್ಯಾಗವೆಂದು ಎಣಿಸಿರಲಿಲ್ಲ. ನಿಜ ಹೇಳಬೇಕೆಂದರೆ ಆ ಕೆಲಸದಲ್ಲಿ ನನಗೆ ಒಂದು ತೃಪ್ತಿ ಸಿಗುತ್ತಿತ್ತು, ಗಣಿತದ ಲೆಕ್ಕ ಬಿಡಿಸಿದಾಗಲೂ ಸಿಗದಂತಹದ್ದು. ಮಗ್ಗುಲು ಬದಲಿಸಿ ದಿಂಬನ್ನು ಬೆನ್ನಿಗೆ ಆನಿಸಿದಾಗ ತಾತನ ಹುಬ್ಬಿನ ಗಂಟು ಸಡಿಲವಾಗುವುದನ್ನು ಕಂಡರೆ ನನಗೂ ಉಸಿರು ಹಗುರವಾಗುತ್ತಿತ್ತು.

ಫಲಿತಾಂಶ ಬಂದು, ನರ್ಸಿಂಗ್ ಓದುತ್ತೇನೆ ಎಂದು ನಾನು ಹೇಳಿದಾಗ ಮನೆಯಲ್ಲಿ ಮೌನ ಕವಿಯಿತು. ಅಪ್ಪನಿಗೆ ನಾನು ಎಂಜಿನಿಯರ್ ಆಗಬೇಕೆಂಬ ಆಸೆ. ಸೋದರಮಾವ ಮಾತ್ರ ಬಾಯಿಬಿಟ್ಟು ಹೇಳಿದರು: "ಗಂಡ್ಮಗ ಆಗಿ ಕಂಡೋರ ಹೇಲು ಉಚ್ಚೆ ಬಾಚೋಕೆ ಓದ್ಬೇಕಾ? ನಾಳೆ ಹೆಣ್ಣು ಕೊಡೋರು ಯಾರ್ಲಾ?" ನನಗೆ ಉತ್ತರ ಹೊಳೆಯಲಿಲ್ಲ. ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಅವ್ವ ತಿರುಗಿ ನೋಡದೆ, "ನಮ್ಮ ಮಾವಂದು ಬಾಚ್ದೋನು ಅವ್ನೇ ಅಲ್ವಾ ಅಣ್ಣ. ಅವತ್ತು ಯಾರೂ ಕೇಳ್ನಿಲ್ವಲ್ಲ" ಎಂದರು. ಮಾತು ಅಲ್ಲಿಗೆ ನಿಂತಿತು. ಅಪ್ಪ ಮರುದಿನ ಬ್ಯಾಂಕಿಗೆ ಹೋಗಿ ಶಿಕ್ಷಣ ಸಾಲದ ಅರ್ಜಿ ತಂದರು.

ಈ ವೃತ್ತಿಗೆ ಬರಲು ಮೂರು ದಾರಿಗಳಿವೆ, ನಮ್ಮ ಊರಿನಲ್ಲಿ ಮೂರನ್ನೂ ಒಂದೇ ಎಂದು ತಿಳಿದಿದ್ದರು. ಎಎನ್‌ಎಂ ಎಂಬುದು ಎರಡು ವರ್ಷದ ತರಬೇತಿ. ಹಳ್ಳಿಗಳ ಉಪಕೇಂದ್ರಗಳಲ್ಲಿ ಲಸಿಕೆ, ಬಸುರಿ ಬಾಣಂತಿಯರ ಆರೈಕೆ ಮಾಡುವ ಆರೋಗ್ಯ ಸಹಾಯಕಿಯರು ಕಲಿಯುವುದು ಅದನ್ನು. ಜಿಎನ್‌ಎಂ ಎಂಬುದು ಡಿಪ್ಲೊಮಾ, ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನವೇ ಆಗಬೇಕೆಂದಿಲ್ಲ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಕರ್ನಾಟಕದ ಹೆಚ್ಚಿನ ಕಾಲೇಜುಗಳಿಗೆ ಪರೀಕ್ಷೆ ನಡೆಸಿ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 2013ರಲ್ಲಿ ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಕೆಲವು ವಾರಗಳಲ್ಲೇ ತಾತ ತೀರಿಕೊಂಡರು.

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಅಂಗರಚನಾಶಾಸ್ತ್ರದ ಇಂಗ್ಲಿಷ್ ಪುಸ್ತಕ ಕಬ್ಬಿನ ಗದ್ದೆಯೊಳಗೆ ದಾರಿ ತಪ್ಪಿದಂತೆ ಕಾಣುತ್ತಿತ್ತು. 206 ಮೂಳೆಗಳ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡು, ಹಾಸ್ಟೆಲಿನ ತಾರಸಿಯ ಮೇಲೆ ಓಡಾಡುತ್ತಾ ಬಾಯಿಪಾಠ ಮಾಡಿದೆ. ಅದು ಶ್ರಮದ ಕೆಲಸವಾಗಿತ್ತೇ ಹೊರತು ಹೇಳಿಕೊಳ್ಳುವಂತಹದ್ದೇನೂ ಅದರಲ್ಲಿಲ್ಲ. ಹೇಳಬೇಕಾದದ್ದು ಪ್ರಯೋಗಾಲಯದ ವಿಷಯ.

ನಮ್ಮ ನರ್ಸಿಂಗ್ ಪ್ರಯೋಗಾಲಯದಲ್ಲಿ ಆರು ಕಬ್ಬಿಣದ ಮಂಚಗಳಿದ್ದವು, ಅವುಗಳ ಮೇಲೆ ರಬ್ಬರಿನ ಬೊಂಬೆಗಳು. ಮೊದಲ ವಾರಗಳಲ್ಲಿ ನಾವು ಕಲಿತದ್ದು ಕೈ ತೊಳೆಯುವುದು ಮತ್ತು ಹಾಸಿಗೆ ಹಾಸುವುದು. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ಸಹಪಾಠಿಗಳು ಬೇಸರಪಟ್ಟರು. ಅಂಗೈ, ಕೈಯ ಹಿಂಭಾಗ, ಬೆರಳ ಸಂದು, ಬೆರಳ ಗೆಣ್ಣು, ಹೆಬ್ಬೆರಳು, ಉಗುರಿನ ತುದಿ ಎಂದು ಕ್ರಮವಾಗಿ ಉಜ್ಜಿ ಸೋಪಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು. ಹೆಬ್ಬೆರಳನ್ನು ಎಲ್ಲರೂ ಮರೆಯುತ್ತಾರೆ. ಹಾಸಿಗೆಯ ಬಟ್ಟೆಯ ಮೂಲೆಗಳನ್ನು ಲಕೋಟೆಯಂತೆ ಮಡಚಿ ಬಿಗಿಯಾಗಿ ಒಳಗೆ ಸೇರಿಸಬೇಕು. ರೋಗಿ ಹಾಸಿಗೆಯ ಮೇಲೆಯೇ ಇರುವಾಗ, ಅವರನ್ನು ಒಂದು ಬದಿಗೆ ಹೊರಳಿಸಿ ಅರ್ಧ ಹಾಸಿ, ಮತ್ತೊಂದು ಬದಿಗೆ ಹೊರಳಿಸಿ ಉಳಿದರ್ಧ ಹಾಸುವುದು ಇನ್ನೊಂದು ವಿದ್ಯೆ. ನಾನು ಹಾಸಿದ್ದನ್ನು ನೋಡಿದ ನಮ್ಮ ಮೇಡಂ ಅಂಗೈಯನ್ನು ಹಾಸಿಗೆಯ ಉದ್ದಕ್ಕೂ ಜಾರಿಸಿ ಒಂದು ಕಡೆ ನಿಲ್ಲಿಸಿದರು. ಅಲ್ಲಿ ದಾರದಷ್ಟು ಸುಕ್ಕು ಇತ್ತು. "ನಿಮಗೆ ಇದು ಸುಕ್ಕು. ಮೂರು ತಿಂಗಳಿಂದ ಮಲಗಿರೋರ ಬೆನ್ನಿಗೆ ಇದು ಕಲ್ಲು" ಎಂದು ಎಲ್ಲವನ್ನೂ ಎಳೆದು ಮತ್ತೆ ಹಾಸಲು ಹೇಳಿದರು. ಹನ್ನೊಂದು ತಿಂಗಳು ತಾತನ ಹಾಸಿಗೆಯನ್ನು ನಾನು ಎಷ್ಟು ಒರಟಾಗಿ ಹಾಸಿದ್ದೆನೋ ಎಂದು ನೆನೆದು ನನ್ನ ಕಣ್ಣು ತುಂಬಿಕೊಂಡವು.

ವಾರ್ಡಿನ ಮೊದಲ ಕೆಲಸ ಇಪ್ಪತ್ತು ಹಾಸಿಗೆಗಳ ಜ್ವರ, ನಾಡಿ, ಉಸಿರಾಟ, ರಕ್ತದೊತ್ತಡ ಬರೆದುಕೊಳ್ಳುವುದು. ಉಸಿರು ಎಣಿಸುವುದರಲ್ಲಿ ಒಂದು ಗುಟ್ಟಿದೆ. ನಿಮ್ಮ ಉಸಿರು ಎಣಿಸುತ್ತೇನೆ ಎಂದು ಹೇಳಿದರೆ ಸಾಕು, ರೋಗಿಯ ಉಸಿರಿನ ಗತಿ ತಾನಾಗಿ ಬದಲಾಗುತ್ತದೆ. ಆದ್ದರಿಂದ ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟನ್ನು ಬಿಡದೆ, ನಾಡಿಯನ್ನೇ ನೋಡುತ್ತಿರುವವರಂತೆ ನಿಂತು, ಎದೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಎಣಿಸಬೇಕು. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಇದ್ದರೆ ಸರಿ. ಕೇಸ್ ಶೀಟುಗಳಲ್ಲಿ ಎಲ್ಲ ರೋಗಿಗಳಿಗೂ ಒಂದೇ ಸಂಖ್ಯೆ ಬರೆದಿರುವುದನ್ನು ನಾನು ಬೇರೆ ಬೇರೆ ಕಡೆ ಕಂಡಿದ್ದೇನೆ. ಅದು ಎಣಿಸದೆ ಬರೆದ ಸಂಖ್ಯೆ, ಮತ್ತು ಈ ವೃತ್ತಿಯಲ್ಲಿ ನಾನು ಕ್ಷಮಿಸಲಾರದ ತಪ್ಪುಗಳಲ್ಲಿ ಒಂದು, ಏಕೆಂದರೆ ರೋಗಿಯ ಸ್ಥಿತಿ ಕೆಡುವಾಗ ಬಹಳ ಸಲ ಮೊದಲು ಬದಲಾಗುವುದು ಉಸಿರಾಟವೇ. 1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಬಗ್ಗೆ ಬರೆದ ಚಿಕ್ಕ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೆಂದೇ ಒಂದು ಅಧ್ಯಾಯವಿದೆ. ಅದನ್ನು ಪಾಠದಲ್ಲಿ ಹೇಳಿದಾಗ ದೊಡ್ಡಾಸ್ಪತ್ರೆಯ ಆ ಸಿಸ್ಟರ್ ಮಾತು ನನಗೆ ಮತ್ತೆ ಕೇಳಿಸಿತು.

ಮೊದಲ ಸಲ ಅಪರಿಚಿತರೊಬ್ಬರಿಗೆ ಹಾಸಿಗೆಯಲ್ಲೇ ಮೈ ಒರೆಸಬೇಕಾಗಿ ಬಂದಾಗ ನನ್ನ ಕೈ ನಡುಗಿತು. ಎಚ್.ಡಿ. ಕೋಟೆ ಕಡೆಯ ಅಜ್ಜ ಅವರು, ತೊಡೆಯ ಮೂಳೆ ಮುರಿದಿತ್ತು. ಪರದೆ ಎಳೆದು, ಬೇಸಿನ್ನಿನಲ್ಲಿ ಬೆಚ್ಚಗಿನ ನೀರು ಇಟ್ಟುಕೊಂಡು, ಮೊದಲು ಕಣ್ಣು, ಮುಖ, ಆಮೇಲೆ ಕೈ, ಎದೆ ಎಂದು ಒರೆಸುವ ಭಾಗವನ್ನಷ್ಟೇ ತೆರೆದು ಉಳಿದದ್ದನ್ನು ಮುಚ್ಚಿರಬೇಕು ಎಂಬುದು ನಿಯಮ. ಅಜ್ಜ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಿದ್ದರು. ನಾಚಿಕೆ ನನಗಿಂತ ಅವರಿಗೆ ಹೆಚ್ಚಾಗಿದೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. "ಈ ಸಲ ರಾಗಿ ಹೆಂಗೈತೆ ಅಜ್ಜ ನಿಮ್ಮ ಕಡೆ?" ಎಂದು ಕೇಳಿದೆ. ಅವರು ತಿರುಗಿ, "ನೀನು ಯಾವೂರಪ್ಪ? ಬೇಸಾಯದೋರಾ?" ಎಂದರು. ಆಮೇಲೆ ಮಳೆ, ಹಂದಿ ಕಾಟ, ಆನೆ ಕಾಟ ಎಲ್ಲವೂ ಬಂದವು. ಬೆನ್ನು ಒರೆಸಿ ಮುಗಿಸುವ ಹೊತ್ತಿಗೆ ಅವರು ನನ್ನನ್ನು "ಮಗಾ" ಎನ್ನುತ್ತಿದ್ದರು. ಗಂಡು ನರ್ಸುಗಳನ್ನು ಆಸ್ಪತ್ರೆಗಳಲ್ಲಿ "ಬ್ರದರ್" ಎಂದು ಕರೆಯುವುದು ರೂಢಿ. ಆ ಪದ ಒಳ್ಳೆಯದೇ, ಆದರೆ ನನಗೆ ಇಂದಿಗೂ ಹತ್ತಿರವೆನಿಸುವುದು ಹಳ್ಳಿಯ ಅಜ್ಜಂದಿರು ಕರೆಯುವ ಮಗಾ ಎಂಬ ಮಾತು.

ಆ ವರ್ಷವೇ ದೀಪ ಹಚ್ಚಿ ಪ್ರತಿಜ್ಞೆ ಸ್ವೀಕರಿಸುವ ಸಮಾರಂಭ ನಡೆಯಿತು. ನೈಟಿಂಗೇಲ್ ಪ್ರತಿಜ್ಞೆ ಎಂದು ಕರೆಯುವ ಅದು ನೈಟಿಂಗೇಲ್ ಬರೆದದ್ದಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಸಂಗಡಿಗರು ರಚಿಸಿದ್ದು. ಬಿಳಿ ಸಮವಸ್ತ್ರದಲ್ಲಿ ನಿಂತ ನನ್ನನ್ನು ನೋಡಲು ಅಪ್ಪ, ಅವ್ವ ಬಂದಿದ್ದರು. ಸೋದರಮಾವ ಬರಲಿಲ್ಲ.

ಪ್ರತಿಜ್ಞೆಯಲ್ಲಿ ರೋಗಿಗೆ ಹಾನಿಯಾಗುವ ಔಷಧಿಯನ್ನು ತಿಳಿದೂ ಕೊಡುವುದಿಲ್ಲ ಎಂಬ ಮಾತಿದೆ. ತಿಳಿಯದೆ ಕೊಡುವುದರ ಭಯ ಎಷ್ಟೆಂದು ನನಗೆ ಗೊತ್ತಾದದ್ದು ಎರಡನೇ ವರ್ಷದಲ್ಲಿ, ಒಂದು ಆಸ್ಪತ್ರೆಯ ವಾರ್ಡಿನಲ್ಲಿ. ಸಕ್ಕರೆ ಕಾಯಿಲೆಯ ತಾಯಿಯೊಬ್ಬರಿಗೆ 20 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದುಕೊಂಡು, ನಿಯಮದಂತೆ ಸ್ಟಾಫ್ ನರ್ಸ್‌ಗೆ ತೋರಿಸಿದೆ. ಅವರು ಸಿರಿಂಜನ್ನು ನೋಡುವ ಬದಲು ಟ್ರೇಯಲ್ಲಿ ಬಿದ್ದಿದ್ದ ಅದರ ಟೋಪಿಯನ್ನು ಎತ್ತಿ ಹಿಡಿದು, "ಇದು ಯಾವ ಬಣ್ಣ?" ಎಂದು ಕೇಳಿದರು. ಕಿತ್ತಳೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಇನ್ಸುಲಿನ್ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಟೋಪಿಯ ಸಿರಿಂಜು. ಕಿತ್ತಳೆ ಟೋಪಿಯದು ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ. ನಾನು ಎಳೆದುಕೊಂಡಿದ್ದದ್ದು 20 ಅಲ್ಲ, 8 ಯೂನಿಟ್. "ಇವತ್ತು ಕಡಿಮೆ ಆಗ್ತಿತ್ತು. ಇದೇ ತಪ್ಪು ತಿರುಗುಮುರುಗಾದ್ರೆ 20ರ ಜಾಗದಲ್ಲಿ 50 ಹೋಗುತ್ತೆ. ಆಗ ಆ ತಾಯಿ ಎದ್ದೇಳಲ್ಲ" ಎಂದು ಅವರು ಸಾವಧಾನವಾಗಿ ಹೇಳಿದರು. ಗದರಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಅಂದಿನಿಂದ ಇಂದಿನವರೆಗೆ ಸೀಸೆ ಮತ್ತು ಸಿರಿಂಜು ಎರಡನ್ನೂ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದದೆ ನಾನು ಇನ್ಸುಲಿನ್ ಕೊಟ್ಟಿಲ್ಲ.

2015ರ ಮಳೆಗಾಲದ ಹೊತ್ತಿಗೆ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿತ್ತು. ಕಾರ್ಖಾನೆಗಳಿಂದ ಬರಬೇಕಾದ ಬಾಕಿ, ಸಾಲ, ಬೆಲೆ ಕುಸಿತ. ನಮ್ಮ ಮನೆಯಲ್ಲೂ ಅದೇ ಮಾತು. ಫೋನಿನಲ್ಲಿ ಅಪ್ಪನ ದನಿ ಸ್ವಲ್ಪ ತಗ್ಗಿದರೂ ನನ್ನ ಎದೆ ಡವಗುಟ್ಟುತ್ತಿತ್ತು. ಆ ದಿನಗಳಲ್ಲಿ ನಾನು ತರಬೇತಿಯಲ್ಲಿದ್ದ ವಾರ್ಡಿಗೆ ಬೆಳೆಗೆ ಹೊಡೆಯುವ ಔಷಧಿ ಕುಡಿದ ರೈತರೊಬ್ಬರು ಬಂದರು. ಅಪ್ಪನ ವಯಸ್ಸು, ಅಪ್ಪನದೇ ಒಡೆದ ಅಂಗಾಲು.

ಆರ್ಗನೋಫಾಸ್ಫರಸ್ ಜಾತಿಯ ಕೀಟನಾಶಕ ದೇಹದ ನರಗಳ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಸೂಜಿಮೊನೆಯಷ್ಟಾಗುವ ಕಣ್ಣಪಾಪೆ, ಎದೆಯೊಳಗೆ ಕಫ ತುಂಬಿ ಗೊರಗೊರ ಸದ್ದು. ಅದಕ್ಕೆ ಅಟ್ರೋಪಿನ್ ಕೊಡುತ್ತಾರೆ. ಎಷ್ಟು ಕೊಟ್ಟರೆ ಸಾಕು ಎಂಬುದನ್ನು ರೋಗಿಯ ಮೈಯೇ ಹೇಳಬೇಕು: ಎದೆ ಶುಭ್ರವಾಯಿತೇ, ನಾಡಿ 80 ದಾಟಿತೇ, ಕಂಕುಳು ಒಣಗಿತೇ, ಪಾಪೆ ಹಿಗ್ಗಿತೇ ಎಂದು ಮೊದಮೊದಲು ಕೆಲವು ನಿಮಿಷಗಳಿಗೊಮ್ಮೆ, ಆಮೇಲೆ ಗಂಟೆಗೊಮ್ಮೆ ನೋಡುತ್ತಲೇ ಇರಬೇಕು. ಹೆಚ್ಚಾದರೆ ಸನ್ನಿ ಹಿಡಿದಂತೆ ಬಡಬಡಿಸುತ್ತಾರೆ, ಕಡಿಮೆಯಾದರೆ ತಮ್ಮ ಕಫದಲ್ಲೇ ಮುಳುಗುತ್ತಾರೆ. ನಾನು ಅವರ ಪಕ್ಕದಲ್ಲೇ ಟಾರ್ಚ್ ಹಿಡಿದು ಕುಳಿತೆ.

ಎರಡನೇ ದಿನದ ಸಂಜೆಗೆ ಅವರು ಚೇತರಿಸಿಕೊಂಡರು. ಹೆಂಡತಿಯೊಂದಿಗೆ ಎರಡು ಮಾತಾಡಿದರು. ಎಲ್ಲರ ಮುಖದಲ್ಲೂ ಗೆಲುವು. ರಾತ್ರಿ ಡ್ಯೂಟಿಯ ಸಿಸ್ಟರ್ ಮಾತ್ರ, "ಇನ್ನೂ ಎರಡು ದಿನ ನಂಬಬೇಡ. ಗಂಟೆಗೊಂದ್ಸಲ ದಿಂಬಿನಿಂದ ತಲೆ ಎತ್ತೋಕೆ ಹೇಳು. ಬರೀ ತಲೆ, ಕೈ ಊರದ ಹಾಗೆ" ಎಂದರು. ಕುಡಿದ ಒಂದು ದಿನದಿಂದ ನಾಲ್ಕು ದಿನಗಳ ನಡುವೆ, ಚೇತರಿಸಿಕೊಂಡಂತೆ ಕಂಡ ಕೆಲವರಲ್ಲಿ ಸ್ನಾಯುಗಳು ಸೋಲತೊಡಗುತ್ತವೆ, ಮೊದಲು ಸೋಲುವುದು ಕತ್ತಿನ ಸ್ನಾಯು, ಆಮೇಲೆ ಉಸಿರಾಟದ್ದು ಎಂದು ಅವರು ವಿವರಿಸಿದರು. ಹತ್ತು ಗಂಟೆಗೆ ತಲೆ ಎತ್ತಿದರು. ಹನ್ನೊಂದಕ್ಕೆ, ಹನ್ನೆರಡಕ್ಕೆ ಎತ್ತಿದರು. "ಎಷ್ಟ್ ಸಲ ಎತ್ತಿಸ್ತೀಯ ಮಗಾ, ಮಲಗಕ್ಕೆ ಬಿಡು" ಎಂದು ಬೇಸರ ಮಾಡಿಕೊಂಡರು. ಮೂರು ಗಂಟೆಗೆ, "ಅಣ್ಣ, ಇನ್ನೊಂದ್ಸಲ" ಎಂದೆ. ಅವರು ಪ್ರಯತ್ನಿಸಿದರು. ಕತ್ತಿನ ನರ ಉಬ್ಬಿತು. ತಲೆ ದಿಂಬನ್ನು ಬಿಟ್ಟು ಏಳಲಿಲ್ಲ. ಕಣ್ಣು ನನ್ನನ್ನೇ ನೋಡುತ್ತಿದ್ದವು. ಉಸಿರು ಎಣಿಸಿದೆ: 34, ಅದೂ ಮೇಲುಮೇಲಿನದು. ಓಡಿ ಸಿಸ್ಟರನ್ನು ಕರೆದೆ. ಅವರು ಡಾಕ್ಟರನ್ನು ಕರೆಸಿದರು. ಹದಿನೈದು ನಿಮಿಷದೊಳಗೆ ಶ್ವಾಸನಾಳಕ್ಕೆ ನಳಿಕೆ ಇಳಿಸಿ ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು.

ಒಂಬತ್ತು ದಿನ ವೆಂಟಿಲೇಟರಿನಲ್ಲಿದ್ದು ಅವರು ಬದುಕಿಕೊಂಡರು. ಅದೇ ವಾರ ಅದೇ ವಾರ್ಡಿನಲ್ಲಿ ನನ್ನ ವಯಸ್ಸಿನ ಹುಡುಗನೊಬ್ಬ ಬೇರೆ ಕಾಯಿಲೆಯಿಂದ ತೀರಿಕೊಂಡ. ಅವನ ಕಣ್ಣು ಮುಚ್ಚಿಸಿ, ದವಡೆಗೆ ಬಟ್ಟೆ ಕಟ್ಟಿ, ಮೈ ಒರೆಸಿ ಶುಚಿಗೊಳಿಸಿದವನೂ ನಾನೇ. ಆ ಕೆಲಸ ಮಾಡುವಾಗಲೂ ಸಿಸ್ಟರ್ ಪರದೆ ಎಳೆಯಲು ಹೇಳಿದರು. ಬದುಕಿದ್ದವರಿಗೆ ಕೊಡುವ ಮರ್ಯಾದೆಯೇ ಅವನಿಗೂ. ರೈತ ಮನೆಗೆ ಹೊರಟ ದಿನ ಅವರು ನನ್ನ ಕಡೆ ನೋಡಲಿಲ್ಲ, ನೆಲ ನೋಡಿಕೊಂಡೇ ನಡೆದರು. ಅವರ ಹೆಂಡತಿ ಹಿಂತಿರುಗಿ ಬಂದು, "ಮೂರ್ ಗಂಟೆ ರಾತ್ರೀಲಿ ಎಬ್ಬಿಸ್ದೋನು ನೀನೇ ಅಲ್ವಾ ಕಂದ" ಎಂದು ನನ್ನ ಎರಡೂ ಕೈಗಳನ್ನು ತಮ್ಮ ಕಣ್ಣಿಗೊತ್ತಿಕೊಂಡರು. ನಾನು ಈ ವೃತ್ತಿಗೆ ಸೇರಿದ್ದು 2013ರಲ್ಲಿ. ಇದು ನನ್ನದು ಎಂದು ನನಗೆ ತಿಳಿದದ್ದು ಆ ದಿನ. ಆ ಸಂಜೆ ಅಪ್ಪನಿಗೆ ಫೋನ್ ಮಾಡಿ, ಬೇರೆ ಏನನ್ನೂ ಹೇಳಲಾಗದೆ, ಊಟ ಆಯಿತೇ ಎಂದು ಎರಡೆರಡು ಸಲ ಕೇಳಿದೆ.

ಮೂರನೇ ವರ್ಷ ಬೇಗ ಕಳೆಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋರೋಗಿಗಳ ಆರೈಕೆ ಕಲಿತು ಬಂದೆವು. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿರುವ ಕ್ಷಯ ರೋಗದ ಆಸ್ಪತ್ರೆಯಿದೆ. ಕ್ಷಯದ ರೋಗಿಗಳಿಗೆ ಮಾತ್ರೆ ಕೊಡುವ ಮೊದಲು ಹೇಳಲೇಬೇಕಾದ ಒಂದು ಸಣ್ಣ ಮಾತಿದೆ: ರಿಫಾಂಪಿಸಿನ್ ನುಂಗಿದರೆ ಮೂತ್ರ ಕೆಂಪಗೆ, ಕಿತ್ತಳೆ ಬಣ್ಣದಲ್ಲಿ ಹೋಗುತ್ತದೆ, ಹೆದರಬೇಡಿ. ಇದನ್ನು ಹೇಳದಿದ್ದರೆ ರಕ್ತ ಹೋಗುತ್ತಿದೆಯೆಂದು ಗಾಬರಿಗೊಂಡು ಆರು ತಿಂಗಳ ಔಷಧಿಯನ್ನು ಆರನೇ ದಿನಕ್ಕೇ ಬಿಡುವವರಿದ್ದಾರೆ.

ಕೊನೆಯ ವರ್ಷದ್ದು ಪ್ರಸೂತಿ ಶುಶ್ರೂಷೆ. ಗಂಡು ವಿದ್ಯಾರ್ಥಿಗಳಿಗೂ ಪಠ್ಯ ಅದೇ, ಇಪ್ಪತ್ತು ಸಹಜ ಹೆರಿಗೆಗಳನ್ನು ಮಾಡಿಸಿ ದಾಖಲೆ ಪುಸ್ತಕದಲ್ಲಿ ಬರೆಯಬೇಕಾದದ್ದೂ ಅಷ್ಟೇ. ಹೆರಿಗೆ ಕೋಣೆಯ ಬಾಗಿಲಿನಲ್ಲಿ ನನ್ನನ್ನು ಕಂಡ ಶ್ರೀರಂಗಪಟ್ಟಣ ಕಡೆಯ ಬಸುರಿಯೊಬ್ಬಳ ತಾಯಿ, "ಗಂಡ್ಸು ಯಾಕವ್ವ ಒಳಗೆ?" ಎಂದು ಸಿಟ್ಟಿನಿಂದ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಬಸುರಿಯನ್ನೇ ಕೇಳಿದರು: "ಕಲಿಯೋ ಹುಡುಗ. ನೀನು ಬೇಡ ಅಂದ್ರೆ ಹೊರಗೆ ಕಳಿಸ್ತೀನಿ. ಇದ್ರೂ ನಾನು ಇಲ್ಲೇ ಇರ್ತೀನಿ." ಆಕೆ ನೋವಿನ ನಡುವೆ ನನ್ನನ್ನು ನೋಡಿ, ತಲೆದೆಸೆಯಲ್ಲಿ ನಿಲ್ಲಲಿ ಎಂದು ಸನ್ನೆ ಮಾಡಿದಳು.

ಅಲ್ಲಿಯೇ ನಿಂತೆ. ಹೊಟ್ಟೆಯ ಮೇಲೆ ಅಂಗೈಯಿಟ್ಟು, ಗಡಿಯಾರ ನೋಡುತ್ತಾ, ಹತ್ತು ನಿಮಿಷದಲ್ಲಿ ಎಷ್ಟು ಸಲ ನೋವು ಬಂತು, ಒಂದೊಂದೂ ಎಷ್ಟು ಸೆಕೆಂಡು ಇತ್ತು ಎಂದು ಹೆರಿಗೆಯ ಪ್ರಗತಿ ಗುರುತಿಸುವ ನಕ್ಷೆಯಾದ ಪಾರ್ಟೋಗ್ರಾಫಿನಲ್ಲಿ ತುಂಬಿದೆ. ನೋವು ಇಳಿದಾಗ ಬೆನ್ನು ನೀವಿದೆ, ನೀರು ಕುಡಿಸಿದೆ. ನಾಲ್ಕು ಗಂಟೆಗಳ ನಂತರ ಆಕೆಯೇ, "ಅಣ್ಣ, ಹೋಗ್ಬೇಡಿ" ಎಂದಳು. ಕೊನೆಗೆ ಸಿಸ್ಟರ್ ತಮ್ಮ ಕೈಯನ್ನು ನನ್ನ ಕೈಯ ಮೇಲಿಟ್ಟು ಮಾಡಿಸಿದರು. ಮಗುವಿನ ತಲೆ ಒಮ್ಮೆಲೇ ನುಗ್ಗದಂತೆ ಆನಿಸಿ ಹಿಡಿಯುವುದು, ಕತ್ತಿಗೆ ಹೊಕ್ಕುಳಬಳ್ಳಿ ಸುತ್ತಿದೆಯೇ ಎಂದು ಬೆರಳಿನಿಂದ ನೋಡುವುದು, ಭುಜ, ಆಮೇಲೆ ಇಡೀ ಮಗು ಬೆಚ್ಚಗೆ, ಜಾರುತ್ತಾ, ನನ್ನ ಎರಡು ಅಂಗೈಗಳಲ್ಲಿ. ಒರೆಸಿ ತಾಯಿಯ ಹೊಟ್ಟೆಯ ಮೇಲೆ ಹಾಕಿದೆ. ಹೆಣ್ಣು ಮಗು. ಅತ್ತಿತು. ಒಂದು ನಿಮಿಷಕ್ಕೆ, ಐದು ನಿಮಿಷಕ್ಕೆ ಬಣ್ಣ, ಎದೆಬಡಿತ, ಉಸಿರು, ಚಲನೆ, ಸ್ಪಂದನೆ ನೋಡಿ ಅಂಕ ಬರೆದೆ.

ಅಷ್ಟರಲ್ಲಿ ನನ್ನ ಗಮನವೆಲ್ಲ ಮಗುವಿನ ಮೇಲೆ ಹೋಗಿತ್ತು. "ಈಗ ತಾಯಿಯನ್ನ ನೋಡು" ಎಂದರು ಸಿಸ್ಟರ್. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ 10 ಯೂನಿಟ್ ಕೊಟ್ಟಾಗಿತ್ತು. ಮಾಸು ಬಿದ್ದ ಮೇಲೆ ಅದನ್ನು ಎರಡೂ ಕೈಯಲ್ಲಿ ಹರಡಿ, ಒಂದು ತುಣುಕೂ ಒಳಗೆ ಉಳಿದಿಲ್ಲವೆಂದು ಸುತ್ತಲೂ ನೋಡಬೇಕು. ಗರ್ಭಕೋಶ ಕ್ರಿಕೆಟ್ ಚೆಂಡಿನಂತೆ ಗಟ್ಟಿಯಾಗಿದೆಯೇ ಎಂದು ಹೊಟ್ಟೆಯ ಮೇಲಿನಿಂದ ಹದಿನೈದು ನಿಮಿಷಕ್ಕೊಮ್ಮೆ ಮುಟ್ಟಿ ನೋಡಬೇಕು, ಏಕೆಂದರೆ ಮೆತ್ತಗಾದ ಗರ್ಭಕೋಶದಿಂದ ಹರಿಯುವ ರಕ್ತಕ್ಕೆ ಬಾಣಂತಿ ಬಲಿಯಾಗಲು ಬಹಳ ಹೊತ್ತು ಬೇಕಿಲ್ಲ. ಹೊರಗೆ ಬಂದಾಗ ಆ ಸಿಟ್ಟಿನ ತಾಯಿ ನನಗೆ ಮೈಸೂರ್ ಪಾಕಿನ ಪೊಟ್ಟಣ ಕೊಟ್ಟು, "ಹೆಣ್ಣೆತ್ತೋರ ಸಂಕಟ ಗೊತ್ತಿರೋ ಗಂಡು ಒಬ್ಬಾದ್ರೂ ಇರ್ಲಿ ಬುಡು" ಎಂದರು. ಇಪ್ಪತ್ತನ್ನೂ ನಾನು ಪೂರೈಸಿದೆ. ಬೇಡವೆಂದವರೂ ಇದ್ದರು, ಅವರ ಕೋಣೆಯಿಂದ ಹೊರಗೆ ಬಂದು ನಿಂತೆ, ಅದನ್ನೂ ಕಲಿಕೆಯೆಂದೇ ತಿಳಿದೆ.

2017ರಲ್ಲಿ ಪದವಿ ಮುಗಿದು, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಯಿತು. ಅದರಲ್ಲಿ ಎರಡು ಅರ್ಹತೆಗಳಿರುತ್ತವೆ, ಶುಶ್ರೂಷೆ ಒಂದು, ಸೂಲಗಿತ್ತಿಯ ಕೆಲಸ ಇನ್ನೊಂದು. ಸೂಲಗಿತ್ತಿ ಎಂಬುದಕ್ಕೆ ಕನ್ನಡದಲ್ಲಿ ಪುಲ್ಲಿಂಗದ ಪದ ರೂಢಿಯಲ್ಲಿಲ್ಲ. ನಮ್ಮಂತಹವರು ಹೆಚ್ಚಾದರೆ ಜನರೇ ಒಂದನ್ನು ಮಾಡಿಕೊಳ್ಳುತ್ತಾರೆ. ಈಗ ಮಂಡ್ಯದ ಒಂದು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ಈ ವರ್ಷ ದ್ವಿತೀಯ ಪಿಯುಸಿಯಲ್ಲಿದ್ದಾಳೆ, ನರ್ಸಿಂಗ್ ಸೇರಬೇಕೆಂದು ಕಳೆದ ವಾರ ಕೇಳಲು ಬಂದಿದ್ದಳು. ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯೇ, ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಎಲ್ಲಕ್ಕಿಂತ ಮುಖ್ಯವಾಗಿ ವಿದ್ಯಾರ್ಥಿಗಳನ್ನು ರೋಗಿಗಳಿಂದ ತುಂಬಿರುವ ಆಸ್ಪತ್ರೆಗೆ ನಿಜವಾಗಿ ಕಳಿಸುತ್ತಾರೆಯೇ ಎಂದು ವಿಚಾರಿಸಲು ಹೇಳಿದೆ, ಏಕೆಂದರೆ ರಬ್ಬರ್ ಬೊಂಬೆಗೆ ಮೈಬಿಸಿ ಇರುವುದಿಲ್ಲ. ಅವಳ ಅಜ್ಜಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿ ನಮ್ಮ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲೇ ಇದ್ದಾರೆ. ಅರ್ಜಿ ಹಾಕುವ ಮೊದಲು ಒಂದು ರಾತ್ರಿ ಅಜ್ಜಿಯ ಬಳಿ ನೀನೇ ಇರು, ಮಗ್ಗುಲು ಬದಲಿಸುವುದನ್ನು ಅಲ್ಲಿಯ ಸಿಸ್ಟರ್ ಹೇಳಿಕೊಡುತ್ತಾರೆ ಎಂದೆ. ಶನಿವಾರ ರಾತ್ರಿ ಬರುತ್ತೇನೆ ಎಂದಿದ್ದಾಳೆ.